ಕೂಸಿನ ಪಾದಕ್ಕೆ ಗ್ರಹಣ ಹಿಡಿಯುವುದಿಲ್ಲ

2019ರ ಡಿಸೆಂಬರ್ 26, ಎಳ್ಳ ಅಮಾವಾಸ್ಯೆ. ನಮ್ಮ ಭಾಗದಲ್ಲಿ ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಮಕ್ಕಳನ್ನು ಬದುವಿನ ಮೇಲೆ ಆಡಲು ಬಿಟ್ಟು ಉಣ್ಣುವ ದಿನ ಅದು. ಆ ವರ್ಷ ಅದೇ ಬೆಳಗ್ಗೆ ಸೂರ್ಯಗ್ರಹಣವೂ ಬಂದಿತ್ತು. ಅದೇ ಬೆಳಗ್ಗೆ, ಕಲಬುರಗಿಗೆ ಹೊಂದಿಕೊಂಡಿರುವ ತಾಜ್‌ಸುಲ್ತಾನಪುರದಲ್ಲಿ, ಅಂಗವೈಕಲ್ಯವಿದ್ದ ಮೂರು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಗ್ರಹಣ ಬಿಡುವಷ್ಟರಲ್ಲಿ ಮಕ್ಕಳು ನೆಟ್ಟಗಾಗುತ್ತಾರೆ ಎಂದು ಹೆತ್ತವರು ನಂಬಿದ್ದರು. ಮಣ್ಣಿನ ಮೇಲೆ ತಲೆಯಷ್ಟೇ ಕಾಣುವ ಆ ಮಕ್ಕಳ ಚಿತ್ರ ದೇಶದ ಟಿ.ವಿ.ಗಳಲ್ಲೆಲ್ಲ ಓಡಿತು.

ಕಲಬುರಗಿಯ ಜೇವರ್ಗಿ ಕಾಲೋನಿಯಂಥ ಓದಿದವರ ಬಡಾವಣೆಗಳಲ್ಲಿ ಆ ಚಿತ್ರ ನೋಡಿ ಛೀ ಎನ್ನುವುದು ಸುಲಭ. ನನಗೂ ಸಿಟ್ಟು ಬರುತ್ತದೆ, ಆದರೆ ಆ ತಾಯಂದಿರ ಮೇಲೆ ಬರುವುದಿಲ್ಲ. ಹೆತ್ತ ಮಗುವನ್ನು ಮಣ್ಣಿನಲ್ಲಿ ನಿಲ್ಲಿಸಿ ಪಕ್ಕದಲ್ಲೇ ಕೂತು ಕಾಯುವ ತಾಯಿ ಮಗುವನ್ನು ಬೇಡವೆಂದವಳಲ್ಲ. ಏನಾದರೂ ಮಾಡಬೇಕು ಎಂದು ಒದ್ದಾಡಿದವಳು. ಮಾಡಬಹುದಾದದ್ದು ಏನಾದರೂ ಇದ್ದರೆ ಅದನ್ನು ಅವಳ ಮನೆ ಬಾಗಿಲಿಗೆ ಹೋಗಿ, ಅವಳ ಮಾತಿನಲ್ಲಿ, ಅವಳಿಗೆ ನಂಬಿಕೆ ಬರುವ ಹಾಗೆ ಯಾರೂ ಹೇಳಿರಲಿಲ್ಲ. ತಾಜ್‌ಸುಲ್ತಾನಪುರ ಈ ನಗರದ ಅಂಚಿನಲ್ಲಿದೆ. ಮೆಡಿಕಲ್ ಕಾಲೇಜುಗಳಿರುವ ನಗರ ಇದು. 1963ರಿಂದ ಇಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ, ಸರ್ಕಾರದ ಜಿಮ್ಸ್ ಆಸ್ಪತ್ರೆಯಿದೆ, ಸೇಡಂ ರಸ್ತೆಯಲ್ಲಿ ಇಎಸ್‌ಐ ಕಾಲೇಜಿದೆ. ಇಷ್ಟು ಹತ್ತಿರವಿದ್ದೂ ನಮ್ಮ ವಿದ್ಯೆ ಆ ಮನೆಗಳನ್ನು ಮುಟ್ಟಲಿಲ್ಲ. ಗ್ರಹಣ ಮುಟ್ಟಿತು.

ಅಂಗವೈಕಲ್ಯ ಎಂಬ ಒಂದೇ ಹೆಸರಿನ ಕೆಳಗೆ ನೂರು ತೊಂದರೆಗಳಿವೆ. ಎಲ್ಲಕ್ಕೂ ಮದ್ದಿದೆ ಎಂದು ಸುಳ್ಳು ಆಸೆ ಹುಟ್ಟಿಸಲಾರೆ. ಇಲ್ಲಿ ನಾನು ಹಿಡಿದುಕೊಳ್ಳುವುದು ಒಂದನ್ನು: ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡಿರುವ ಪಾದ. ಡಾಕ್ಟರು ಕ್ಲಬ್‌ಫೂಟ್ ಎನ್ನುತ್ತಾರೆ, ನಾವು ಸೊಟ್ಟಗಾಲು ಎನ್ನುತ್ತೇವೆ. ಇದಕ್ಕೆ ಮದ್ದಿದೆ. ಅಗ್ಗದ್ದು, ಪಕ್ಕಾದ್ದು, ನಮ್ಮ ಜಿಲ್ಲಾ ಕೇಂದ್ರದಲ್ಲೇ ಮಾಡಬಹುದಾದದ್ದು. ಹಾಗಿದ್ದೂ ಹತ್ತು ವರ್ಷದ ಮಗು ಪಾದದ ಹೊರ ಅಂಚಿನ ಮೇಲೆ ನಡೆಯುತ್ತಾ, ಅಲ್ಲಿನ ಚರ್ಮ ದಪ್ಪಗಟ್ಟಿ ಹುಣ್ಣಾಗುತ್ತಾ ಬೆಳೆಯುವುದಾದರೆ, ಆ ಪಾಪದಲ್ಲಿ ನಮ್ಮೆಲ್ಲರ ಪಾಲೂ ಇದೆ.

ಲೋಕದಲ್ಲಿ ಹೆಚ್ಚುಕಡಿಮೆ ಸಾವಿರ ಕೂಸುಗಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಎರಡು ಪಟ್ಟು. ಸುಮಾರು ಅರ್ಧದಷ್ಟು ಕೂಸುಗಳಿಗೆ ಎರಡೂ ಪಾದ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25 ಲಕ್ಷ ದಾಟಿತ್ತು. ಸಾವಿರ ಜನಕ್ಕೆ ವರ್ಷಕ್ಕೆ ಇಪ್ಪತ್ತು ಹೆರಿಗೆ ಎಂದು ಒರಟಾಗಿ ಲೆಕ್ಕ ಹಾಕಿದರೂ ಈ ಜಿಲ್ಲೆಯೊಂದರಲ್ಲೇ ವರ್ಷಕ್ಕೆ ಐವತ್ತರ ಆಸುಪಾಸು. ಅಂದರೆ ವಾರಕ್ಕೊಂದು ಕೂಸು. ಗ್ರಹಣ ಬಂದ ವಾರವೂ ಹುಟ್ಟುತ್ತದೆ, ಬಾರದ ವಾರವೂ ಹುಟ್ಟುತ್ತದೆ.

ಆದರೂ ಕೂಸಿನ ಪಾದ ನೋಡಿದ ಕೂಡಲೇ ಬಾಣಂತಿಯ ಕಡೆಗೇ ಎಲ್ಲರ ಕಣ್ಣು ತಿರುಗುತ್ತದೆ. "ಗ್ರಾಣದಾಗ ಹೊರಗ ಬಂದಿದ್ದೇನು? ಏನರ ಹೆಚ್ಚಿದ್ದೇನು? ಕಾಲು ಮಡಚಿ ಕುಂತಿದ್ದೇನು?" ಹೆತ್ತು ಇನ್ನೂ ಮೈ ಆರದ ಹೆಣ್ಣುಮಗಳು ಒಂಬತ್ತು ತಿಂಗಳನ್ನು ಒಂದೊಂದೇ ದಿನವಾಗಿ ಕೆದಕಿ ಎಲ್ಲಾದರೂ ತನ್ನ ತಪ್ಪು ಸಿಗುತ್ತದೆಯೇ ಎಂದು ಹುಡುಕುತ್ತಾಳೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ, ಏಕೆಂದರೆ ಒಂಬತ್ತು ತಿಂಗಳಲ್ಲಿ ಒಮ್ಮೆಯೂ ಚಾಕು ಹಿಡಿಯದ ಬಸುರಿ ಈ ನಾಡಿನಲ್ಲಿಲ್ಲ. ಆಮೇಲೆ ಅವಳು ಕೂಸಿನ ಕಾಲನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚುತ್ತಾಳೆ. ತೊಟ್ಟಿಲಿಗೆ ಹಾಕುವ ದಿನವೂ ಮುಚ್ಚುತ್ತಾಳೆ. ಚಿಕಿತ್ಸೆಗೆ ಎಲ್ಲಕ್ಕಿಂತ ಒಳ್ಳೆಯ ಕಾಲವಾದ ಮೊದಲ ವಾರಗಳು ಆ ಬಟ್ಟೆಯೊಳಗೇ ಕಳೆದುಹೋಗುತ್ತವೆ.

ಹೊಟ್ಟೆಯೊಳಗೆ ಪಾದ ಹೇಗೆ ಆಗುತ್ತದೆ ಎಂಬುದನ್ನು ಒಮ್ಮೆ ತಿಳಿದುಕೊಂಡವರು ಆ ತಾಯಿಯನ್ನು ಹಾಗೆ ಕೇಳಲಾರರು. ಗರ್ಭ ನಿಂತ ನಾಲ್ಕನೆಯ ವಾರದ ಕೊನೆಗೆ ಭ್ರೂಣದ ಪಕ್ಕದಲ್ಲಿ ಕಾಲಿನ ಮೊಗ್ಗು ಮೂಡುತ್ತದೆ, ಕೈಯ ಮೊಗ್ಗಿಗಿಂತ ಒಂದೆರಡು ದಿನ ತಡವಾಗಿ. ಭ್ರೂಣ ಆಗ ಜೋಳದ ಕಾಳಿಗಿಂತ ಬಹಳ ದೊಡ್ಡದಿರುವುದಿಲ್ಲ. ತಿಂಗಳ ಮುಟ್ಟು ನಿಂತಿದೆಯೋ ತಡವಾಗಿದೆಯೋ ಎಂದು ಹೆಂಗಸು ಇನ್ನೂ ಅನುಮಾನದಲ್ಲಿರುವ ಹೊತ್ತು ಅದು. ಮೊಗ್ಗಿನ ತುದಿ ಚಪ್ಪಟೆಯಾಗಿ ಪಾದದ ತಟ್ಟೆಯಾಗುತ್ತದೆ, ಅದರಲ್ಲಿ ಐದು ಬೆರಳುಗಳ ಗೆರೆಗಳು ಮೂಡುತ್ತವೆ. ಬೆರಳುಗಳ ನಡುವಿನ ಜೀವಕೋಶಗಳು ತಮ್ಮ ಹೊತ್ತು ಬಂದಾಗ ತಾವಾಗಿ ಸಾಯುತ್ತವೆ, ಹಾಗೆ ಸತ್ತರೇ ಬೆರಳು ಬಿಡಿಬಿಡಿಯಾಗುವುದು. ಎಂಟನೆಯ ವಾರ ಮುಗಿಯುವಷ್ಟರಲ್ಲಿ ಐದೂ ಬೆರಳು ಬೇರೆಬೇರೆ. ಇದೇ ವಾರಗಳಲ್ಲಿ ಇಡೀ ಕಾಲು ಒಳಮುಖವಾಗಿ ಸುಮಾರು ತೊಂಬತ್ತು ಡಿಗ್ರಿ ತಿರುಗುತ್ತದೆ. ನಮ್ಮ ಮೊಣಕಾಲು ಮುಂದಕ್ಕೂ ಮೊಣಕೈ ಹಿಂದಕ್ಕೂ ಇರುವುದು, ಹೆಬ್ಬೆರಳು ಒಳಬದಿಗೆ ಬಂದಿರುವುದು ಈ ತಿರುವಿನಿಂದ.

ಇಲ್ಲೊಂದು ಸಂಗತಿಯಿದೆ, ಕೇಳಿದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ಸುಮಾರು ಒಂಬತ್ತನೆಯ ವಾರದಲ್ಲಿ ಎಲ್ಲ ಭ್ರೂಣಗಳ ಪಾದವೂ ಸೊಟ್ಟಗೇ ಇರುತ್ತದೆ. ತುದಿ ಕೆಳಕ್ಕೆ ಬಾಗಿ, ಅಂಗಾಲುಗಳು ಒಂದನ್ನೊಂದು ನೋಡುತ್ತಿರುತ್ತವೆ. ನಿಮ್ಮದೂ ಹಾಗೇ ಇತ್ತು, ನನ್ನದೂ ಹಾಗೇ ಇತ್ತು, ನಾಳೆ ಒಲಿಂಪಿಕ್ಸ್‌ನಲ್ಲಿ ಓಡುವವರದೂ ಹಾಗೇ ಇತ್ತು. ಮುಂದಿನ ವಾರಗಳಲ್ಲಿ ಅದು ನಿಧಾನಕ್ಕೆ ತಿರುಗಿ ನೆಟ್ಟಗಾಗುತ್ತದೆ. ಆ ಪ್ರಯಾಣ ಅರ್ಧಕ್ಕೆ ನಿಂತರೆ ಸೊಟ್ಟಗಾಲು ಎಂದು ಕೆಲವರು ವಿವರಿಸಿದರು. ಮೊದಲು ಸರಿಯಾಗಿದ್ದ ಪಾದವೇ ನಾಲ್ಕನೆಯ ತಿಂಗಳ ಹೊತ್ತಿಗೆ ಒಳಕ್ಕೆ ಎಳೆಯಲ್ಪಡುತ್ತದೆ ಎಂದು ಇನ್ನು ಕೆಲವರು ವಾದಿಸಿದರು. ಹರಡಿನ ಒಳಬದಿಯ, ಹಿಂಬದಿಯ ಕಟ್ಟುಗಳು ಗಿಡ್ಡವಾಗಿ ದಪ್ಪವಾಗುತ್ತವೆ, ಮೀನಖಂಡ ಸಣ್ಣದಾಗುತ್ತದೆ, ಹಿಮ್ಮಡಿ ಮೇಲಕ್ಕೇರುತ್ತದೆ. ಕಾಲು ಬೆಳೆಯುವುದನ್ನು ನಡೆಸುವ ಕೆಲವು ಜೀನ್‌ಗಳ ಪಾತ್ರವೂ ಗೊತ್ತಾಗಿದೆ. ತಂದೆಗೋ ತಾಯಿಗೋ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಮೂರೋ ನಾಲ್ಕೋ. ಇಡೀ ಲೆಕ್ಕದಲ್ಲಿ ಎಲ್ಲೂ ಈಳಿಗೆ ಬರುವುದಿಲ್ಲ, ರಾಹು ಬರುವುದಿಲ್ಲ, ಸೊಸೆಯ ಕಾಲ್ಗುಣ ಬರುವುದಿಲ್ಲ.

ಹೊಟ್ಟೆಯಲ್ಲಿರುವಾಗ ಬಸುರಿಯ ಕೈಯಲ್ಲಿ ನಿಜಕ್ಕೂ ಇರುವುದನ್ನೂ ಹೇಳಬೇಕು. ಬೆನ್ನುಹುರಿಯ ಕೊಳವೆ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಬೆನ್ನಿನಲ್ಲಿ ಗಂಟು, ಕಾಲಿನಲ್ಲಿ ಬಲಹೀನತೆ, ಜೊತೆಗೆ ತಿರುಚಿದ ಪಾದವೂ ಬರಬಹುದು. ಫೋಲಿಕ್ ಆಮ್ಲದ ಗುಳಿಗೆ ಇದರ ಬಹುಪಾಲನ್ನು ತಡೆಯುತ್ತದೆ ಎಂಬುದು 1991ರಲ್ಲೇ ಬ್ರಿಟನ್ನಿನ ದೊಡ್ಡ ಪ್ರಯೋಗದಿಂದ ಸಿದ್ಧವಾಗಿದೆ. ಅದು ಗರ್ಭ ನಿಲ್ಲುವ ಮೊದಲೇ ಶುರುವಾಗಬೇಕಾದ ಗುಳಿಗೆ. ಮಗಳ ಮದುವೆಗೆ ಸೀರೆ ಆರಿಸುವ ಅವ್ವಂದಿರೇ, ಅದನ್ನೂ ನೆನಪಿಡಿ. ಇನ್ನು ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ರೂಢಿ. ಸೊಟ್ಟಗಾಲನ್ನು ಅದರ ತಲೆಗೆ ಕಟ್ಟಲಾಗದು, ಆದರೆ ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟುದೋಷಗಳ ಅಪಾಯ ಒಟ್ಟಾರೆ ಏರುತ್ತದೆ ಎಂಬುದು ನಿಜ. ಆ ತೀರ್ಮಾನ ಮಾಡುವವರು ಹಿರಿಯರು. ಅದರ ಫಲವನ್ನು ಹೊಣೆಯಾಗಿ ಹೊರುವವಳು ಮಾತ್ರ ಹದಿನೆಂಟು ದಾಟಿದ ಹುಡುಗಿ.

ಚಿಕಿತ್ಸೆಯ ಮಾತಿಗೆ ಬರುತ್ತೇನೆ. ಇದನ್ನು ಕಂಡುಹಿಡಿದ ಇಗ್ನಾಸಿಯೊ ಪೊನ್ಸೆಟಿ 1914ರ ಜೂನ್ 3ರಂದು ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಹುಟ್ಟಿದವರು, ಗಡಿಯಾರ ರಿಪೇರಿ ಮಾಡುವವರ ಮಗ. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಮುರಿದ ಎಲುಬು ಕಟ್ಟುತ್ತಾ ಕೆಲಸ ಕಲಿತರು. ಸೋತ ಪಕ್ಷದವರಾದ್ದರಿಂದ ದೇಶ ಬಿಟ್ಟು, ಮೆಕ್ಸಿಕೋ ಹಾದು 1941ರಲ್ಲಿ ಅಮೆರಿಕದ ಅಯೋವಾ ಸೇರಿದರು. ಆ ಕಾಲದಲ್ಲಿ ಸೊಟ್ಟಗಾಲಿಗೆ ದೊಡ್ಡ ಆಪರೇಷನ್ ಮಾಡುತ್ತಿದ್ದರು. ಹಾಗೆ ಕೊಯ್ಸಿಕೊಂಡ ಪಾದಗಳು ಮಕ್ಕಳು ದೊಡ್ಡವರಾದ ಮೇಲೆ ಬಿಗಿದು ನೋಯುವುದನ್ನು ಅವರು ಕಂಡರು. ಸತ್ತು ಹುಟ್ಟಿದ ಕೂಸುಗಳ ಪಾದಗಳನ್ನು ಬಿಡಿಸಿ ಒಂದೊಂದು ಎಲುಬಿನ ಸ್ಥಾನ ನೋಡಿದರು. ಕೂಸಿನ ಪಾದದಲ್ಲಿ ಎಲುಬು ಎಂಬುದು ಇನ್ನೂ ಬಹುಪಾಲು ಎಳೆಗೊಬ್ಬರಿಯಂಥ ಮೃದ್ವಸ್ಥಿ. ಹೆಬ್ಬೆರಳ ಕಡೆಯ ದೋಣಿಯಾಕಾರದ ಎಲುಬಂತೂ ಗಟ್ಟಿಯಾಗಲು ತೊಡಗುವುದೇ ಮೂರನೆಯ ವರ್ಷದ ಹೊತ್ತಿಗೆ. ಹಾಗಿರುವಾಗ ಕತ್ತಿ ಏಕೆ, ಕೈ ಸಾಕು ಎಂದರು.

ಮಾಡುವುದು ಇಷ್ಟು. ಹುಟ್ಟಿದ ಒಂದೆರಡು ವಾರದಲ್ಲಿ ಶುರು. ಡಾಕ್ಟರು ಕೂಸಿನ ಪಾದವನ್ನು ನಿಮಿಷ ಹೊತ್ತು ಮೃದುವಾಗಿ ಹೊರಕ್ಕೆ ತಿರುಗಿಸುತ್ತಾರೆ. ಹರಡಿನ ಎಲುಬಿನ ತಲೆಗೆ ಹೆಬ್ಬೆರಳು ಆನಿಸಿ ತಿರುಗಿಸಬೇಕು, ಹಿಮ್ಮಡಿಯನ್ನು ಹಿಡಿಯಲೇಬಾರದು, ಇದೇ ಅದರ ಗುಟ್ಟು. ಸಿಕ್ಕಷ್ಟು ತಿರುವನ್ನು ಹಾಗೇ ಹಿಡಿದು, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರ ಬಿಟ್ಟು ಬಿಚ್ಚಿ, ಇನ್ನಷ್ಟು ತಿರುಗಿಸಿ, ಮತ್ತೆ ಪ್ಲಾಸ್ಟರ್. ಐದಾರು ಸಲ. ಆಮೇಲೂ ಹಿಮ್ಮಡಿ ಕೆಳಗಿಳಿಯದಿದ್ದರೆ, ಹೆಚ್ಚಿನ ಕೂಸುಗಳಲ್ಲಿ ಇಳಿಯುವುದಿಲ್ಲ, ಹಿಂಬದಿಯ ಬಿಗಿದ ಸ್ನಾಯುಹುರಿಯನ್ನು ಮರಗಟ್ಟಿಸಿ ಸಣ್ಣದಾಗಿ ಕತ್ತರಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಮೂರು ವಾರದ ಕೊನೆಯ ಪ್ಲಾಸ್ಟರಿನೊಳಗೆ ಅದು ಉದ್ದವಾಗಿ ಕೂಡಿಕೊಳ್ಳುತ್ತದೆ. ಅಲ್ಲಿಗೆ ಪಾದ ನೆಟ್ಟಗಾಯಿತು. 2004ರಲ್ಲಿ ಅಯೋವಾದ ತಂಡ 157 ಮಕ್ಕಳ 256 ಪಾದಗಳ ಲೆಕ್ಕ ಕೊಟ್ಟಿತು: ನೂರಕ್ಕೆ 98 ನೆಟ್ಟಗಾಗಿದ್ದವು. ನಡೆಯಲು ಕಲಿತ ಮಕ್ಕಳಿಗೂ, ಅದಕ್ಕೂ ದೊಡ್ಡವರಿಗೂ ಈ ವಿಧಾನದಿಂದ ಗುಣ ಸಿಕ್ಕಿದೆ. ಆದ್ದರಿಂದ ತಡವಾಯಿತು ಎಂದು ಕೈಚೆಲ್ಲಿ ಕೂತ ಮನೆಗಳಿಗೂ ಈ ಮಾತು ತಲುಪಬೇಕು.

ಆದರೆ ನೆಟ್ಟಗಾದ ಪಾದ ಮತ್ತೆ ತಿರುಗುತ್ತದೆ. ಅದನ್ನು ತಡೆಯುವುದು ಒಂದು ಪಟ್ಟಿಗೆ ಜೋಡಿಸಿದ ಎರಡು ಬೂಟು. ಮೊದಲ ಮೂರು ತಿಂಗಳು ದಿನಕ್ಕೆ 23 ತಾಸು, ಆಮೇಲೆ ಮಲಗುವ ಹೊತ್ತು ಮಾತ್ರ, ನಾಲ್ಕು ವರ್ಷ ತುಂಬುವವರೆಗೆ. ಬೂಟು ತಪ್ಪದೆ ತೊಡಿಸಿದ ಮನೆಗಳಲ್ಲಿ ಮರುಕಳಿಸಿದ್ದು ನೂರಕ್ಕೆ ಆರು ಮಕ್ಕಳಲ್ಲಿ. ಬಿಟ್ಟ ಮನೆಗಳಲ್ಲಿ ಎಂಬತ್ತಕ್ಕೂ ಮೇಲೆ.

ಪ್ಲಾಸ್ಟರ್ ಹಾಕುವುದು ಡಾಕ್ಟರ ಕೆಲಸ. ಬೂಟು ಉಳಿಸುವುದು ಯಾರ ಕೆಲಸ?

ನಮ್ಮ ಭಾಗದಲ್ಲಿ ಅದು ಏಕೆ ನಿಲ್ಲುತ್ತದೆ ಎಂದು ನೋಡಿ. ಹೆಣ್ಣುಮಗಳು ಚೊಚ್ಚಲಿಗೆ ತವರಿಗೆ ಬಂದು ಹೆರುತ್ತಾಳೆ. ತವರಿನಲ್ಲಿದ್ದಾಗ ಅವಳ ಅವ್ವ ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಐದು ತಿಂಗಳಿಗೆ ಗಂಡನ ಮನೆಗೆ ಕಳಿಸುತ್ತಾರೆ. ಕಾಲು ಆಗ ನೋಡಲು ಚೆಂದವಾಗಿಯೇ ಇರುತ್ತದೆ, "ನೆಟ್ಟಗಾಗ್ಯದಲ್ಲ, ಇನ್ಯಾಕ ಕೂಸಿಗೆ ಬೇಡಿ?" ಎಂದು ಅತ್ತೆ ಬೂಟನ್ನು ಅಟ್ಟಕ್ಕೆಸೆಯುತ್ತಾಳೆ. ಆ ಅತ್ತೆಯೂ ಕೂಸಿನ ಅಳು ತಾಳಲಾರದೆಯೇ ಹಾಗೆ ಮಾಡುವುದು. ಬೇಸಿಗೆ ಬಂದರೆ ಗುಳೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಕಟ್ಟಡ ಕೆಲಸದ ಶೆಡ್ಡಿನಲ್ಲಿ ರಾತ್ರಿ ಬೂಟು ತೊಡಿಸಿದರೆ ಪಕ್ಕದವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು. ಬೆಳೆದ ಪಾದಕ್ಕೆ ಹೊಸ ಅಳತೆ ಬೇಕು, ಅದು ಸಿಗುವ ಆಸ್ಪತ್ರೆ ಹಿಂದಿನ ಊರಿನಲ್ಲಿ ಉಳಿಯಿತು. ಇವೆಲ್ಲವನ್ನೂ ಒಬ್ಬಳೇ ದಾಟಬೇಕು. ಅವಳ ತಲೆಯ ಮೇಲೆ ಗ್ರಹಣದ ಅಪವಾದ ಬೇರೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ಕೂತ ಡಾಕ್ಟರಿಗೆ ಒಂದು ಮಾತು. 18ರಿಂದ 20 ವಾರದ ಸ್ಕ್ಯಾನಿನಲ್ಲಿ ಈ ಪಾದ ಕಾಣಬಹುದು. ಐದರಲ್ಲಿ ಒಂದರಷ್ಟು ಕೂಸುಗಳಲ್ಲಿ ಜೊತೆಗೆ ಬೇರೆ ದೋಷವೂ ಇರುವುದರಿಂದ ಮೈಯೆಲ್ಲ ನೋಡಬೇಕು, ನಿಜ. ಆದರೆ ಉಳಿದೆಲ್ಲ ಸರಿಯಿದ್ದು ಪಾದವೊಂದೇ ತಿರುಗಿದ್ದರೆ, "ಕಾಲು ಸೊಟ್ಟದೆ" ಎಂದಷ್ಟೇ ಹೇಳಿ ಮುಂದಿನ ಹೆಸರು ಕರೆಯಬೇಡಿ. ಇದು ಪ್ಲಾಸ್ಟರಿನಿಂದ ನೆಟ್ಟಗಾಗುತ್ತದೆ, ಈ ಮಗು ಓಡುತ್ತದೆ ಎಂಬ ಮಾತನ್ನೂ ಅದೇ ಉಸಿರಿನಲ್ಲಿ ಹೇಳಿ. ಆ ಒಂದು ಮಾತು ಸಿಗದೆ ಗಾಬರಿಯಾದ ಮನೆ ಕೂಸೇ ಬೇಡವೆಂದು ಕೂತುಬಿಡಬಹುದು.

ಹೆರಿಗೆ ಮಾಡಿಸುವ ಸಿಸ್ಟರ್‌ಗಳೇ, ಕೂಸಿನ ತೂಕ ನೋಡುವಾಗ ಕಾಲನ್ನೂ ಬಿಚ್ಚಿ ನೋಡಿ. ಪಾದವನ್ನು ಬೆರಳಿನಿಂದ ಮೇಲಕ್ಕೊತ್ತಿದರೆ ಮೊಳಕಾಲಿನ ಕಡೆ ಸಲೀಸಾಗಿ ಬಂದರೆ ಅದು ಹೊಟ್ಟೆಯಲ್ಲಿ ಮಡಚಿದ ಭಂಗಿಯಷ್ಟೇ, ಹೋಗುತ್ತದೆ. ಬಾರದಿದ್ದರೆ ಅಂದೇ ಎಲುಬು-ಕೀಲು ವಿಭಾಗಕ್ಕೆ ಚೀಟಿ ಬರೆಯಿರಿ. ಆಶಾ ತಾಯಂದಿರೇ, ನೀವು 42 ದಿನದೊಳಗೆ ಮತ್ತೆ ಮತ್ತೆ ಬಾಣಂತಿಯ ಮನೆ ಮೆಟ್ಟಿಲು ಹತ್ತುವವರು. ಸುತ್ತಿದ ಬಟ್ಟೆಯನ್ನು ಬಿಚ್ಚಿಸುವ ಸಲಿಗೆ ನಿಮಗಲ್ಲದೆ ಇನ್ಯಾರಿಗೂ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟಗಾಲು ಇದೆ, ಹುಟ್ಟಿನಿಂದ ಸರಿದ ಸೊಂಟದ ಕೀಲೂ ಇದೆ. ತಪಾಸಣೆ, ಚಿಕಿತ್ಸೆ ಉಚಿತವಾಗಿ ಸಿಗಬೇಕಾದದ್ದು ಕೂಸಿನ ಹಕ್ಕು. ಸೊಂಟದ ಮಾತು ಬಂದದ್ದಕ್ಕೆ ಅಜ್ಜಿಯರಿಗೊಂದು ವಿನಂತಿ: ನೆಟ್ಟಗಾಗಲಿ ಎಂದು ಎರಡೂ ಕಾಲು ಜೋಡಿಸಿ ಬಿಗಿದು ಸುತ್ತಬೇಡಿ, ಅದು ಸೊಂಟದ ಕೀಲಿಗೆ ಕೇಡು. ಕೂಸನ್ನು ಕಾಲಗಲಿಸಿ ಟೊಂಕದ ಮೇಲೆ ಕೂರಿಸಿಕೊಳ್ಳುವ ನಿಮ್ಮ ಹಳೆಯ ರೂಢಿಯೇ ಒಳ್ಳೆಯದು. ಎಣ್ಣೆ ತಿಕ್ಕುವುದರಲ್ಲಿ ನಿಮ್ಮ ಪ್ರೀತಿಯಿದೆ, ಆದರೆ ತಿರುಚಿದ ಪಾದ ಎಣ್ಣೆಯಿಂದ ನೆಟ್ಟಗಾಗುವುದಿಲ್ಲ. ತಿಕ್ಕುತ್ತಾ ಕಳೆದ ತಿಂಗಳು ಮರಳಿ ಬರುವುದಿಲ್ಲ.

ಮಠದ, ಗುಡಿಯ, ದರ್ಗಾದ ಹಿರಿಯರಿಗೂ ಕೈಮುಗಿದು ಕೇಳುತ್ತೇನೆ. ಶರಣಬಸವೇಶ್ವರರ ಗುಡಿಗೂ ಖಾಜಾ ಬಂದೇನವಾಜರ ದರ್ಗಾಕ್ಕೂ ಕಾಯಿಲೆಯ ಮಕ್ಕಳನ್ನೆತ್ತಿಕೊಂಡು ಬರುವ ತಾಯಂದಿರನ್ನು ದಿನಾ ನೋಡುವವರು ನೀವು. ನಿಮ್ಮ ಮಾತು ಪೋಸ್ಟರಿಗಿಂತ ನೂರು ಪಟ್ಟು ಆಳಕ್ಕೆ ಇಳಿಯುತ್ತದೆ. ಹರಕೆ ತೀರಿಸಿ ಹೊರಡುವಾಗ "ಜಿಮ್ಸಿಗೂ ಹೋಗಿ ಬಾ, ತಾಯಿ" ಎಂದು ಹೇಳಿ. ಸೂತಕಗಳನ್ನೇ ಅಲ್ಲಗಳೆದ ಶರಣರ ನೆಲದಲ್ಲಿ ಒಂದು ಕೂಸಿನ ಕಾಲಿಗೆ ಗ್ರಹಣದ ಸೂತಕ ಹಚ್ಚುವುದು ನಮಗೆ ಒಪ್ಪುವ ಮಾತೇ? ಸರ್ಕಾರ ಮಾಟ, ವಾಮಾಚಾರಗಳ ವಿರುದ್ಧ 2017ರಲ್ಲಿ ಕಾನೂನು ಮಾಡಿತು. ಕಾನೂನು ಮಗುವನ್ನು ಮಣ್ಣಿನಿಂದ ಮೇಲೆತ್ತಬಲ್ಲದು, ಪ್ಲಾಸ್ಟರ್ ಕೋಣೆಗೆ ಎತ್ತಿಕೊಂಡು ಹೋಗಲಾರದು. 2027ರ ಆಗಸ್ಟ್ 2, ಸೋಮವಾರ, ಆಷಾಢದ ಅಮಾವಾಸ್ಯೆ, ಸಂಜೆಮುಂದೆ ಮತ್ತೊಂದು ಸೂರ್ಯಗ್ರಹಣ ನಮಗೆ ಭಾಗಶಃ ಕಾಣಲಿದೆ. ಅದಕ್ಕೆ ಮೊದಲೇ ತಾಜ್‌ಸುಲ್ತಾನಪುರದಿಂದ ಕಮಲಾಪುರದವರೆಗೆ, ಬೀದರ್ ದಾರಿಯ ಒಂದೊಂದು ಊರಿನಲ್ಲೂ ನಡೆಯಲಾಗದ ಮಕ್ಕಳ ಮನೆ ಗುರುತಿಸಿ ಆ ತಾಯಂದಿರ ಜೊತೆ ಕೂತು ಮಾತಾಡಿರಬೇಕು. ಪಂಚಾಯಿತಿಗೆ ಇದು ಆಗದ ಕೆಲಸವಲ್ಲ.

ಕಡೆಗೆ ಜೇವರ್ಗಿ ಕಾಲೋನಿಯ ನೆರೆಹೊರೆಯವರಿಗೆ. ನಮ್ಮ ಮನೆಗಳಲ್ಲಿ ಭಾಂಡೆ ತಿಕ್ಕುವವರು, ಕಟ್ಟುವ ಮನೆಗಳಿಗೆ ಕಲ್ಲು ಹೊರುವವರು, ಕಮಲಾಪುರದ ಕೆಂಬಾಳೆಯನ್ನೂ ತೊಗರಿಯನ್ನೂ ನಮಗೆ ತಂದು ಮಾರುವವರು, ಇವರ ಮನೆಗಳಲ್ಲೂ ಇಂಥ ಕೂಸುಗಳು ಹುಟ್ಟುತ್ತವೆ. ಕಮಲಾಪುರದಿಂದ ಕಲಬುರಗಿಗೆ ಬರಲು 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಪ್ಲಾಸ್ಟರ್ ಸರ್ಕಾರಿ ಆಸ್ಪತ್ರೆಯದು. ಅವಳ ಕೈಯಿಂದ ಹೋಗುವುದು ಆ ದಿನದ ಕೂಲಿ, ಅದು ನಮ್ಮ ಕೈಯಲ್ಲಿದೆ. ಆರು ವಾರ, ವಾರಕ್ಕೊಂದು ದಿನ ಅವಳು ಬರುವುದಿಲ್ಲ ಎಂದರೆ ಕೆಲಸ ಬಿಡಿಸಬೇಡಿ, ಸಂಬಳ ಹಿಡಿಯಬೇಡಿ. ಓಪಿಡಿ ಚೀಟಿಯ ಸಾಲಿನಲ್ಲಿ ಅವಳ ಜೊತೆ ನಿಮ್ಮ ಮನೆಯಿಂದ ಒಬ್ಬರು ಹೋಗಿ ನಿಲ್ಲಿ. ಬೂಟು ತೊಡಿಸುವ ಲೆಕ್ಕವನ್ನು ತಿಂಗಳಿಗೊಮ್ಮೆ ಕೇಳಿ, ಅಳತೆ ಚಿಕ್ಕದಾದರೆ ಮುಂದಿನ ಜೋಡಿಗೆ ನೀವೇ ಹೊಣೆ ಹೊರಿ. ಈ ವಾರವೂ ಜಿಲ್ಲೆಯಲ್ಲಿ ಎಲ್ಲೋ ಒಂದು ಕೂಸು ಹುಟ್ಟಿದೆ. ಅದರ ತಾಯಿಗೆ ವಾರಕ್ಕೊಂದು ದಿನದ ರಜೆ ಬೇಕಾಗಿದೆ.